ನಡುವೆ ತಪ್ಪಿದರೆ ಮಾಲೆ ತೆಗೆಯಬೇಕೇ?



ಮಂಡಲ ಕಾಲ ಬಂತೆಂದರೆ ನಮ್ಮ ಕನ್ನಿಸ್ವಾಮಿಗಳು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸುಲಭದವು. ಆಫೀಸಿನಲ್ಲಿ ಕಪ್ಪು ಬಟ್ಟೆ ಬೇಡ ಅಂದರೆ ಏನು ಮಾಡೋದು, ಹಾಸ್ಟೆಲ್ ಊಟ ನಡೆಯುತ್ತಾ, ಹೀಗೆ. ಒಂದು ಪ್ರಶ್ನೆ ಮಾತ್ರ ಸುಲಭದ್ದಲ್ಲ: ನಡುವೆ ತಪ್ಪಿಬಿಟ್ಟರೆ ಉಳಿದ ದಿನಗಳಿಗೆ ಅರ್ಥ ಇದೆಯೇ?

ಮುಂಬೈಯಲ್ಲಿರುವ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ದಾದರ್‌ನಲ್ಲಿ ಲೋಕಲ್ ಹತ್ತುವಾಗ ಅವನ ಬರಿಗಾಲ ಮೇಲೆ ಯಾರದೋ ಬೂಟು ಬಿತ್ತು. ಹೆಬ್ಬೆರಳ ಉಗುರು ಕಿತ್ತು ಬಂತು. ತಾಯಿಯನ್ನು ಎತ್ತಿ ಬೈದ, ಕಾಲರ್ ಹಿಡಿದ. ಅಂದು ಅವನ ವ್ರತದ 19ನೇ ದಿನ. ರಾತ್ರಿ ಗುರುಸ್ವಾಮಿಗೆ ಫೋನ್ ಮಾಡಿ, ಮಾಲೆ ತೆಗೆದುಬಿಡುತ್ತೇನೆ, ನಾನು ಇದಕ್ಕೆ ಲಾಯಕ್ಕಿಲ್ಲ ಎಂದ.

ಅವನ ಸಂಕಟ ಸುಳ್ಳಲ್ಲ. ಆದರೂ ಆ ಮಾತಿನಲ್ಲಿ ನನಗೆ ಸಣ್ಣದೊಂದು ಅಹಂಕಾರ ಕಂಡಿತು. 41 ದಿನ ಒಂದು ಕಲೆಯೂ ಇಲ್ಲದೆ ದಾಟಬೇಕು, ಇಲ್ಲವಾದರೆ ಆಟವೇ ಬೇಡ ಅನ್ನುವುದು ಕ್ರಿಕೆಟ್ ಸ್ಕೋರಿನ ಲೆಕ್ಕ. ನೀಲಿಮಲೆಯಲ್ಲಿ ಜಾರಿದವರು ಪಂಪೆಗೆ ವಾಪಸ್ ಇಳಿದು ಮತ್ತೆ ಹತ್ತುವುದನ್ನು ಯಾರಾದರೂ ಕಂಡಿದ್ದೀರಾ? ಮಾಲೆ ಹಾಕುವ ಮೊದಲು ಅದೇ ಲೋಕಲ್‌ನಲ್ಲಿ ಅವನು ಎಷ್ಟು ಸಲ ಬೈದಿದ್ದನೋ, ಒಂದೂ ಅವನಿಗೆ ನೆನಪಿಲ್ಲ. ಈ ಒಂದು ಬೈಗುಳ ಮಾತ್ರ ನಿದ್ದೆ ಕೆಡಿಸಿತು. ಸಿಟ್ಟು ಹಳೆಯದೇ, ಕಣ್ಣಿಗೆ ಬಿದ್ದದ್ದು ಈಗ. ವ್ರತ ಕೆಲಸ ಮಾಡಿದೆ ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಕೇ? ಅಂಥ ಹೊತ್ತಲ್ಲಿ ಅದನ್ನು ಬಿಚ್ಚಿಡುವುದೇ?

ಪೂಜೆ ಮುಗಿಸುವಾಗ ನಾವು ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಬೇಡುತ್ತೇವೆ. 41ನೇ ದಿನ ಮಾತ್ರವಲ್ಲ, ದಿನವೂ. ಮಾಲಧಾರಿ ತಪ್ಪುವವನೇ ಎಂದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಹೇಗೂ ಸಂಜೆ ಕ್ಷಮೆ ಕೇಳುತ್ತೇವಲ್ಲ ಎಂದು ಹಗಲು ನಾಲಿಗೆ ಸಡಿಲ ಬಿಡುವವರೂ ನಮ್ಮಲ್ಲಿದ್ದಾರೆ. ದೇವರ ಮುಂದೆ ಕೇಳಿದ ಕ್ಷಮೆ ಬೈಸಿಕೊಂಡವನಿಗೆ ತಲುಪುವುದಿಲ್ಲ. ಎದುರಾದವರನ್ನೆಲ್ಲ ಸ್ವಾಮಿ ಎಂದು ಕರೆಯುತ್ತೇವೆ. ಸನ್ನಿಧಾನದಲ್ಲಿ ‘ತತ್ತ್ವಮಸಿ’ ಎಂದು ಬರೆದಿದೆ. ಆ ಬೂಟಿನವನು ಈ ಲೆಕ್ಕದಿಂದ ಹೊರಗೆಯೇ? ಮಾಲೆ ಬಿಚ್ಚಿದರೆ ಈ ಪ್ರಶ್ನೆ ತೀರಿದಂತೆ ಅನ್ನಿಸಬಹುದು, ತೀರುವುದಿಲ್ಲ.

ಗುರುಸ್ವಾಮಿ ಹೇಳಿದ್ದು ಇಷ್ಟೇ: ಮಾಲೆ ಇರಲಿ, ನಾಳೆ ಅದೇ ಹೊತ್ತಿಗೆ ಅದೇ ಡಬ್ಬಿ ಹತ್ತು, ಆತ ಸಿಕ್ಕರೆ ಕ್ಷಮೆ ಕೇಳು. ಹುಡುಗ ನಾಲ್ಕು ದಿನ ಹುಡುಕಿದ. ಆತ ಸಿಗಲಿಲ್ಲ. ಕಾಲು ತುಳಿಯುವವರು ಮಾತ್ರ ದಿನವೂ ಸಿಕ್ಕರು! ಪ್ರತಿ ತುಳಿತಕ್ಕೂ ಹಲ್ಲು ಕಚ್ಚಿ ‘ಸ್ವಾಮಿ ಶರಣಂ’ ಅಂದನಂತೆ. ಮೊದಮೊದಲು ಅದೂ ಬೈಗುಳದ ಹಾಗೇ ಕೇಳಿಸುತ್ತಿತ್ತಂತೆ.

ಹಾಗಾದರೆ ದಿನಗಳನ್ನು ಮೊದಲಿನಿಂದ ಎಣಿಸಬೇಕೇ? ಅದಕ್ಕೆ ನಿಮ್ಮ ನಿಮ್ಮ ಗುರುಸ್ವಾಮಿಯ ಮಾತೇ ಕೊನೆ, ಇಲ್ಲಿ ವಾದ ಬೇಡ. ಎಣಿಸು ಅಂದರೂ ಎದೆಗುಂದಬೇಡಿ. ಡಿಸೆಂಬರ್ 4ರಿಂದ ಶುರುಮಾಡಿದರೆ ಜನವರಿ 13ಕ್ಕೆ 41 ತುಂಬುತ್ತದೆ, ಮಕರಜ್ಯೋತಿಯ ಹೊತ್ತಿಗೆ ಸರಿಯಾಗಿ. ಅದೂ ಆಗದಿದ್ದರೆ ಪ್ರತಿ ಮಲಯಾಳ ತಿಂಗಳ ಮೊದಲ ದಿನಗಳಲ್ಲಿ ನಡೆ ತೆರೆದಿರುತ್ತದೆ. ಆಗ ನೂಕುನುಗ್ಗಲೂ ಕಡಿಮೆ.

ಸ್ವಾಮಿ ಶರಣಂ.