ಮನೆಯ ಮಾತು ಹೊಸ್ತಿಲು ದಾಟಿದಾಗ

ಮನೆಯ ಮಾತು ಹೊಸ್ತಿಲು ದಾಟಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಕಷ್ಟದ ಬಾಲ್ಯ ಕಂಡವನು ತಾಯಿತಂದೆಗಳ ಮಾತೆತ್ತದೆ ತನ್ನ ಕತೆ ಹೇಳುವುದೆಂತು? ಹೇಳಿದರೆ ಅದು ದ್ರೋಹವೇ?

ಪುಣೆಯಲ್ಲಿ ನೆಲೆಸಿದ ನಮಗೆ ಮರಾಠಿ ಆತ್ಮಕಥನಗಳು ಕೈಗೆಟುಕುವಂಥವು. ಅಪ್ಪಾ ಬಳವಂತ ಚೌಕದಲ್ಲಿ ಕೊಂಡ ಎರಡು ಪುಸ್ತಕಗಳು ಈ ಪ್ರಶ್ನೆಯನ್ನು ನನ್ನೆದುರು ತಂದಿಟ್ಟವು. ಮೊದಲನೆಯದು 1934ರಿಂದ ಭಾಗಭಾಗವಾಗಿ ಪ್ರಕಟವಾದ ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ'. ಉಪ್ಪು, ಸಕ್ಕರೆಗಳನ್ನೂ ತೊಳೆಯಿಸುತ್ತಿದ್ದ ತಂದೆಯ ಮಡಿಯ ಹುಚ್ಚಿನ ನಡುವೆ ಅವರು ಬೆಳೆದರು. ಅದನ್ನು ನಗುತ್ತಲೇ ಹೇಳುತ್ತಾರೆ. ಮನೆಮಂದಿ ಪಟ್ಟ ಪಾಡನ್ನು ಮಾತ್ರ ಮುಚ್ಚಿಡುವುದಿಲ್ಲ.

ಎರಡನೆಯದು 1984ರಲ್ಲಿ ಬಂದ ಶರಣಕುಮಾರ ಲಿಂಬಾಳೆಯವರ 'ಅಕ್ಕರಮಾಶಿ'. ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುವ ಅಕ್ಕಲಕೋಟೆ ತಾಲೂಕಿನ ಹನ್ನೂರು ಅವರದು. ತಾಯಿ ದಲಿತಳು, ತಂದೆ ಮೇಲುಜಾತಿಯ ಪಾಟೀಲ. ಒಂದು ತೊಲೆಗೆ ಹನ್ನೆರಡು ಮಾಸಿ. ಹನ್ನೊಂದೇ ಮಾಸಿ ತೂಗುವವನು, ಅಂದರೆ ಮದುವೆಯ ಹೊರಗೆ ಹುಟ್ಟಿದವನು, ಅಕ್ಕರಮಾಶಿ. ಬೈಗುಳದ ಶಬ್ದವನ್ನೇ ಅವರು ಪುಸ್ತಕದ ಹೆಸರಾಗಿಸಿದರು. ಅಲ್ಲಿ ಹಸಿವಿದೆ, ತಂದೆಯ ಹೆಸರಿಗಾಗಿ ತಡವರಿಸುವ ಶಾಲೆಯ ಹುಡುಗನಿದ್ದಾನೆ. ಅಜ್ಜಿಯ ಜೊತೆ ಬಾಳಿದ ಮುಸಲ್ಮಾನ ಅಜ್ಜನ ಪ್ರೀತಿಯೂ ಇದೆ.

ಮೊದಲ ಸಲ ಓದಿದಾಗ, ಹೆತ್ತವಳ ಬಾಳನ್ನು ಮಗ ಹೀಗೆ ಬಯಲಿಗಿಡಬಹುದೇ ಎಂದು ನಾನು ಗೊಣಗಿದೆ. ನನ್ನ ಹೆಂಡತಿ ಕೇಳಿದಳು: "ಅಲ್ರೀ, ಆ ಪಾಟೀಲ ತಲೆ ಎತ್ತಿಕೊಂಡೇ ತಿರುಗಿದನಲ್ಲ. ಇವಳ ಕತೆ ಮುಚ್ಚಿಟ್ಟರೆ ಯಾರ ಮಾನ ಉಳಿದಂತಾಯ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯಲ್ಲೂ ಬಾಲವಿಧವೆಯಾದ ಸೋದರತ್ತೆಯೊಬ್ಬಳಿದ್ದಳು. ಐವತ್ತು ವರ್ಷ ಒಲೆಯ ಮುಂದೆ ಸವೆದಳು. ಅವಳ ಪಾಲಿನ ಹೊಲ ನಮ್ಮ ಹೆಸರಿಗೆ ಬಂತು. ಮನೆತನದ ಮರ್ಯಾದೆಯೆಂದು ನಾವೆಲ್ಲ ಸುಮ್ಮನಿದ್ದೆವು. ಆ ಮೌನ ಕಾಪಾಡಿದ್ದು ಅವಳನ್ನಲ್ಲ, ನಮ್ಮನ್ನು.

ಸೇಡಿಗಾಗಿ ಬರೆಯುವುದು ಬೇರೆ ಮಾತು. ಪುಸ್ತಕದಲ್ಲಿ ಬಂದ ತಾಯಿ, ತಂದೆ ಎದ್ದು ಬಂದು ಉತ್ತರ ಕೊಡಲಾರರು. ಆದ್ದರಿಂದ ಬರೆಯುವವನಿಗೆ ನ್ಯಾಯದ ಭಯವಿರಬೇಕು. ಓದುವ ನಮಗೂ ಒಂದು ಧರ್ಮವಿದೆ. ಪರರ ಮನೆಯ ಪಂಚಾಯತಿಗೆ ಕೂಡುವ ಮೊದಲು ನಮ್ಮ ಮೌನ ಯಾರನ್ನು ಕಾಯುತ್ತಿದೆ ಎಂದು ಕೇಳಿಕೊಳ್ಳಬೇಕು.

ಅತ್ತೆಯ ಕುರಿತು ನಾಲ್ಕು ಪುಟ ಬರೆದಿದ್ದೇನೆ. ಊರಲ್ಲಿರುವ ಅಣ್ಣನಿಗೆ ಸಿಟ್ಟು ಬಂದೀತು. ದೀಪಾವಳಿಗೆ ಹೋದಾಗ ಮೊದಲು ಅವನಿಗೇ ಓದಿ ಹೇಳಬೇಕೆಂದಿದ್ದೇನೆ.