ಪರಾನ್ನವೂ ಋಣವೂ

ಕೊರೋನಾ ವ್ಯಾಧಿಯ ನಿಮಿತ್ತ 2020ರ ಮಾರ್ಚ್ ತಿಂಗಳಿನಿಂದ ನಿಂತುಹೋಗಿದ್ದ ಹೋಟೆಲಿನ ಪಂಕ್ತಿಗೆ ನಮ್ಮ ರಾಜ್ಯದಲ್ಲಿ ಮರಳಿ ಅನುಮತಿ ದೊರೆತದ್ದು ಅದೇ ವರ್ಷದ ಜೂನ್ 8ರಂದು. ದೇವಾಲಯಗಳ ಬಾಗಿಲು ತೆರೆಯಲು ಅನುಮತಿಯಾದದ್ದೂ ಅಂದೇ. ಯಾರು ಮೊದಲು ಎತ್ತ ನಡೆದರೆಂಬ ಲೆಕ್ಕ ನಮಗೆ ಬೇಡ!

ಪರಾನ್ನವರ್ಜನೆಯನ್ನು ವ್ರತವಾಗಿ ಪಾಲಿಸುವ ಹಿರಿಯರ ಮಾತು ಬೇರೆ. ಉಳಿದವರಲ್ಲಿ ಅನೇಕರು ಎರಡೂವರೆ ತಿಂಗಳು ಮನೆಯಲ್ಲೇ ಉಂಡುದನ್ನು ‘ಮಡಿ’ ಎಂದು ಹೇಳಿಕೊಂಡದ್ದುಂಟು. ಇದು ಸಾಧುವಲ್ಲ. ಮಡಿಯಿರುವುದು ಭಗವಂತನಿಗೆ ನಿವೇದಿಸುವ ಅನ್ನಕ್ಕಾಗಿ; ನಾವು ದೂರ ನಿಂತದ್ದು ದೇಹಭಯದಿಂದ. ಶರೀರರಕ್ಷಣೆಯೂ ಧರ್ಮವೇ, ಆದರೆ ಅದಕ್ಕೆ ಆಚಾರದ ಹೆಸರೇಕೆ? ತನಗಾಗಿಯೇ ಬೇಯಿಸಿಕೊಂಡವನು ಪಾಪವನ್ನೇ ಉಣ್ಣುವನೆಂಬ ಗೀತೆಯ ಮೂರನೆಯ ಅಧ್ಯಾಯದ ಎಚ್ಚರಿಕೆಯು ಮನೆಯ ಒಲೆಗೂ ಸಲ್ಲುತ್ತದೆ.

ಹೋಟೆಲಿಗೆ ಮರಳಿದವರು ಲೋಟವನ್ನು ಬಿಸಿನೀರಿನಲ್ಲಿ ತೊಳೆದಿದೆಯೇ, ಬಡಿಸುವವನ ಮುಖಗವಸು ಸರಿಯಿದೆಯೇ ಎಂದು ವಿಚಾರಿಸಿದರು. ವಿಚಾರಿಸಬೇಕಾದುದೇ. ಆದರೆ ಉಡುಪಿ, ಕುಂದಾಪುರದ ಕಡೆಯಿಂದ ಬೆಂಗಳೂರು, ಮುಂಬಯಿಗಳಿಗೆ ಹೋಗಿ ದೋಸೆಯ ಕಾವಲಿಯ ಮುಂದೆ ನಿಂತು ಬದುಕುವವರು ಒಲೆ ಆರಿದ ಆ ದಿನಗಳಲ್ಲಿ ಏನು ಉಂಡರೆಂದು ಕೇಳಿದವರೆಷ್ಟು? ಬೆಲೆ ತೆತ್ತ ಮೇಲೆ ಋಣವೆಲ್ಲಿಯದು ಎನ್ನುವವರುಂಟು. ತೆತ್ತ ಬೆಲೆಯು ಅಕ್ಕಿ-ಉದ್ದಿಗೆ, ದುಡಿಮೆಗೆ ಸಂದಿತು. ದಿನವಿಡೀ ಅಪರಿಚಿತರ ನಡುವೆ ನಿಂತು ಬಡಿಸಿದವನಿಗೂ ದೇಹಭಯವಿತ್ತಲ್ಲವೇ? ಅದಕ್ಕೆ ಬಿಲ್ಲಿನಲ್ಲಿ ಬೆಲೆ ಬರೆದಿರಲಿಲ್ಲ. ಉಣ್ಣುವವರು ಅವನೆದುರು ಮುಖಗವಸನ್ನು ತೆಗೆಯಲೇಬೇಕಿತ್ತು; ಅವನು ತೆಗೆಯುವಂತಿರಲಿಲ್ಲ.