ಎಸೆಯುವ ಧೈರ್ಯ

1998ರ ನವೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಮತ್ತು ಸಂಗಡಿಗರು ಮಾನವ ಭ್ರೂಣದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಸುದ್ದಿ ಪ್ರಕಟವಾದಾಗ ದೊಡ್ಡ ತಕರಾರೆದ್ದಿತು. ಪ್ರನಾಳ ಶಿಶು ಚಿಕಿತ್ಸೆಗೆಂದು ರೂಪಿಸಿ, ದಂಪತಿಗಳು ಒಪ್ಪಿ ಕೊಟ್ಟ ಭ್ರೂಣಗಳವು. ಐದಾರು ದಿನದ ಭ್ರೂಣಕ್ಕೆ ನರವಿಲ್ಲ, ಮಿದುಳಿಲ್ಲ, ನೋವು ಅರಿಯುವ ಯಾವ ಅಂಗವೂ ಇಲ್ಲ. ಅದನ್ನು ಮುಟ್ಟುವುದೇ ಪಾಪ ಎಂದವರು, ಬೆನ್ನುಹುರಿ ಮುರಿದು ಹಾಸಿಗೆ ಹಿಡಿದು, ಈ ಕೋಶಗಳ ಮೇಲೆ ಆಸೆಯಿಟ್ಟವರ ಮುಖ ನೋಡಿ ಆ ಮಾತು ಆಡಬೇಕಿತ್ತು. 2007ರಲ್ಲಿ ಕ್ಯೋಟೋದ ಶಿನ್ಯಾ ಯಮನಾಕಾ ವಯಸ್ಕರ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನೇ ಆಕರಕೋಶದ ಸ್ಥಿತಿಗೆ ಮರಳಿಸಿದ ಮೇಲೆ ಜಗಳದ ಕಾವು ಇಳಿಯಿತು. ನೀತಿಯ ಪ್ರಶ್ನೆಯೂ ಅದರೊಂದಿಗೆ ತೀರಿತೆಂದು ಹಲವರು ಭಾವಿಸಿದ್ದಾರೆ. ನಾನು ಒಪ್ಪುವುದಿಲ್ಲ.

ಏಕೆಂದು ತಿಳಿಯಲು ಈ ಕೋಶಗಳನ್ನು ಸಾಕುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಇನ್‌ಕ್ಯುಬೇಟರ್‌ನೊಳಗೆ 37 ಡಿಗ್ರಿ ಶಾಖ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್. ಹೆಚ್ಚುಕಡಿಮೆ ದಿನವೂ ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕಬೇಕು. ಭಾನುವಾರ, ಹಬ್ಬ ಎನ್ನುವಂತಿಲ್ಲ. ಕೆಲವು ದಿನಕ್ಕೇ ತಟ್ಟೆ ತುಂಬುತ್ತದೆ, ಬಿಡಿಸಿ ಹೊಸ ತಟ್ಟೆಗಳಿಗೆ ಹಂಚಬೇಕು. ಮೈಕ್ರೋಸ್ಕೋಪಿನಡಿ ಆರೋಗ್ಯವಂತ ಗುಂಪು ಒತ್ತೊತ್ತಾಗಿ, ಚೊಕ್ಕ ಅಂಚಿನೊಂದಿಗೆ ಕಾಣುತ್ತದೆ. ಅಂಚಿನ ಕೋಶಗಳು ಚಪ್ಪಟೆಯಾಗಿ ಹರಡತೊಡಗಿದವೆಂದರೆ ಅವು ತಮ್ಮ ಪಾಡಿಗೆ ಬೇರೇನೋ ಆಗಹೊರಟಿವೆ. ಪಿಪೆಟ್ಟಿನ ತುದಿಯಿಂದ ಅಷ್ಟನ್ನೇ ಕೆರೆದು ತೆಗೆಯಬೇಕು. ಇದು ಕಣ್ಣಿಗೆ ಬೀಳುವ ಕೆಡುಕು. ಬೀಳದ್ದು ಇನ್ನೊಂದಿದೆ. ಬಹುಕಾಲ ಬೆಳೆಸಿದಾಗ ಕೆಲವು ಕೋಶಗಳಲ್ಲಿ 20ನೇ ಕ್ರೋಮೋಸೋಮಿನ ಒಂದು ತುಣುಕು ಇಮ್ಮಡಿಯಾಗುತ್ತದೆ. ಆ ತುಣುಕಿನಲ್ಲಿರುವ ಒಂದು ಜೀನ್ ಕೋಶವನ್ನು ಸುಲಭಕ್ಕೆ ಸಾಯಗೊಡುವುದಿಲ್ಲ. ಹೀಗೆ ಕೆಟ್ಟ ಕೋಶವೇ ಗದ್ದೆಯ ಕಳೆಯಂತೆ ಹುಲುಸಾಗಿ ಎದ್ದು ಒಳ್ಳೆಯದನ್ನು ಮೂಲೆಗೊತ್ತುತ್ತದೆ. ಮೇಲುನೋಟಕ್ಕೆ ತಟ್ಟೆ ಎಂದಿಗಿಂತ ಚೆನ್ನಾಗಿಯೇ ಇರುತ್ತದೆ. ತಳಿ ಪರೀಕ್ಷೆ ಮಾಡಿಸಿದರಷ್ಟೇ ನಿಜ ಗೊತ್ತಾಗುವುದು. ಗೊತ್ತಾದ ಮೇಲೆ ತಿಂಗಳುಗಳ ದುಡಿಮೆಯನ್ನು ಬ್ಲೀಚಿಗೆ ಸುರಿಯಬೇಕು.

ಹಾಗೆ ಸುರಿಯುವವರನ್ನು ನಾನು ಗೌರವಿಸುತ್ತೇನೆ. ಜಪಾನಿನ ಕಣ್ಣಿನ ವೈದ್ಯೆ ಮಸಾಯೊ ತಕಹಾಶಿ ಅಂಥವರು. ಅವರ ನೇತೃತ್ವದಲ್ಲಿ 2014ರಲ್ಲಿ, ವಯೋಸಹಜ ರೆಟಿನಾ ಸವೆತದಿಂದ ದೃಷ್ಟಿ ಕುಂದಿದ್ದ ಮಹಿಳೆಯೊಬ್ಬರಿಗೆ ಆಕೆಯದೇ ಚರ್ಮದ ಕೋಶಗಳಿಂದ ಯಮನಾಕಾ ವಿಧಾನದಲ್ಲಿ ಬೆಳೆಸಿದ ತೆಳು ಪದರವನ್ನು ಕಣ್ಣಿನಲ್ಲಿ ಕೂರಿಸಲಾಯಿತು. ಎರಡನೆಯ ರೋಗಿಗೂ ಸಿದ್ಧತೆ ನಡೆದಿತ್ತು. ಆ ರೋಗಿಗಾಗಿ ಬೆಳೆಸಿದ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡುಬಂತು. ಅದರಿಂದ ಕ್ಯಾನ್ಸರ್ ಬಂದೇ ಬರುತ್ತದೆಂದು ಯಾರೂ ಹೇಳಿರಲಿಲ್ಲ, ಆದರೂ ನಿಲ್ಲಿಸಿದರು. ಇಡೀ ಲೋಕ ಕಾಯುತ್ತಿರುವಾಗ ಹಾಗೆ ನಿಲ್ಲಿಸಲು ಎದೆಗಾರಿಕೆ ಬೇಕು. ಇದಕ್ಕೆ ತೀರ ವಿರುದ್ಧ ಬಗೆಯವರೂ ಇದ್ದಾರೆ. ಅದೇ ರೆಟಿನಾ ಸವೆತದ ಮೂವರು ಮಹಿಳೆಯರು ಅಮೆರಿಕದ ಫ್ಲಾರಿಡಾದ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿನವರು ಆ ಮಹಿಳೆಯರ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿದರು, ಹಣವನ್ನೂ ಪಡೆದರು. ಮೂವರ ದೃಷ್ಟಿಯೂ ತೀವ್ರವಾಗಿ ಹಾಳಾದ ವಿಷಯ 2017ರಲ್ಲಿ ವೈದ್ಯ ಪತ್ರಿಕೆಯಲ್ಲಿ ದಾಖಲಾಗಿದೆ.

ನಮ್ಮಲ್ಲೂ ಎರಡು ಬಗೆಯವರಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಪ್ರನಾಳ ಶಿಶು ಚಿಕಿತ್ಸೆಗೆ ಒದಗದೆ ಬಿಟ್ಟ ಭ್ರೂಣಗಳಿಂದ ಎರಡು ಆಕರಕೋಶ ತಳಿಗಳನ್ನು ಬೆಳೆಸಿತು; ಪರೀಕ್ಷೆಯ ವಿವರಗಳನ್ನೆಲ್ಲ ಪ್ರಕಟಿಸಿತು. ಇನ್ನೊಂದು ಕಡೆ, ಆಟಿಸಂ ಇರುವ ಮಗುವಿನ ತಾಯಿಗೆ ‘ಸ್ಟೆಮ್ ಸೆಲ್ ಕೊಟ್ಟರೆ ಸರಿಹೋಗುತ್ತದೆ’ ಎನ್ನುವ ಜಾಹೀರಾತುಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಅಸ್ಥಿಮಜ್ಜೆಯ ಕಸಿ ಬಿಟ್ಟರೆ ಉಳಿದದ್ದೆಲ್ಲವನ್ನೂ ಅದು ಪ್ರಯೋಗವೆಂದೇ ಕರೆದಿದೆ. ಪ್ರಯೋಗವೆಂದ ಮೇಲೆ ಸರ್ಕಾರಿ ನೋಂದಣಿ ಇರಬೇಕು, ರೋಗಿಯಿಂದ ಹಣ ಕೇಳುವಂತಿಲ್ಲ. ಆ ತಾಯಿ ಇವೆರಡನ್ನು ಕೇಳುವಂತಾಗಲಿ: ನೋಂದಣಿ ಸಂಖ್ಯೆ ಎಲ್ಲಿ? ಬಿಲ್ ಏಕೆ? ಅವಳಿಗೆ ಇದನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ಮೊದಲು ಕುಟುಂಬದ ವೈದ್ಯರದು, ಆಮೇಲೆ ಪತ್ರಿಕೆಗಳದು.